ಗಾಜಿನ ಗೂಡಿನೊಳಗಿನ ವಿದ್ಯೆ

ಪ್ರಶ್ನೆ ಕೇಳುವುದೂ ಉತ್ತರ ಹೇಳುವುದೂ ಮನುಷ್ಯನಿಗೆ ಬಹು ಹಳೆಯ ವಿನೋದ. ಅರಣ್ಯಪರ್ವದಲ್ಲಿ ಯಕ್ಷನು ಕೊಳದ ದಂಡೆಯ ಮೇಲೆ ಧರ್ಮರಾಯನನ್ನು ತಡೆದು ಕೇಳಿದ ಪ್ರಶ್ನೆಗಳನ್ನು ತಿಳಿಯದವರಾರು? ನಮ್ಮ ಹಳ್ಳಿಯ ಒಗಟುಗಳು, ಅವಧಾನಿಗಳ ಸಭೆ, ಶಾಲೆಯ ವಾರ್ಷಿಕೋತ್ಸವದ ರಸಪ್ರಶ್ನೆ, ಇವೆಲ್ಲ ಅದೇ ವಂಶಕ್ಕೆ ಸೇರಿದವು. ಇವೆಲ್ಲಕ್ಕೂ ಸಾಮಾನ್ಯವಾದ ನಿಯಮವೊಂದುಂಟು. ಅದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಎಲ್ಲರೂ ಒಪ್ಪಿದ್ದಾರೆ. ಉತ್ತರ ಹೇಳುವವನಿಗೆ ಪ್ರಶ್ನೆ ಮೊದಲೇ ತಿಳಿದಿರಬಾರದು. ಅವಧಾನದ ಪೃಚ್ಛಕನೊಬ್ಬನು ತಾನು ಒಡ್ಡಲಿರುವ ಸಮಸ್ಯೆಯನ್ನು ಹಿಂದಿನ ರಾತ್ರಿಯೇ ಅವಧಾನಿಯ ಮನೆಗೆ ಹೋಗಿ ಹೇಳಿಬಂದನೆನ್ನಿ. ಮರುದಿನ ಸಭೆಯಲ್ಲಿ ಹುಟ್ಟುವ ಪದ್ಯ ಎಷ್ಟೇ ಸೊಗಸಾಗಿರಲಿ, ಅದು ಅವಧಾನವೆನಿಸದು.

ಇಷ್ಟು ಸರಳವಾದ ನಿಯಮವನ್ನು ಮುರಿದದ್ದರಿಂದ ದೊಡ್ಡದೊಂದು ದೇಶವೇ ತಲೆತಗ್ಗಿಸಬೇಕಾಗಿ ಬಂದ ಪ್ರಸಂಗವುಂಟು. ಅಮೆರಿಕದ ಎನ್.ಬಿ.ಸಿ. ಎಂಬ ಪ್ರಸಾರ ಸಂಸ್ಥೆಯಲ್ಲಿ ೧೯೫೬ರ ಸೆಪ್ಟೆಂಬರ್ ೧೨ರಂದು ‘ಟ್ವೆಂಟಿ-ಒನ್’, ಎಂದರೆ ‘ಇಪ್ಪತ್ತೊಂದು’, ಎಂಬ ಟೆಲಿವಿಷನ್ ಪ್ರಶ್ನೋತ್ತರ ಸ್ಪರ್ಧೆ ಮೊದಲಾಯಿತು. ೧೯೫೮ರ ಅಕ್ಟೋಬರಿನಲ್ಲಿ ಅದು ನಿಂತುಹೋಯಿತು. ಬದುಕಿದ್ದು ಎರಡು ವರ್ಷ ಮತ್ತು ಕೆಲವು ವಾರ ಮಾತ್ರ. ಆದರೂ ಅದರ ಮಾತು ಇನ್ನೂ ನಿಂತಿಲ್ಲ. ೧೯೯೪ರಲ್ಲಿ ರಾಬರ್ಟ್ ರೆಡ್‌ಫರ್ಡ್ ಅವರು ಇದೇ ಕಥೆಯನ್ನು ‘ಕ್ವಿಜ್ ಷೋ’ ಎಂಬ ಚಲನಚಿತ್ರವಾಗಿ ತೆಗೆದರು. ಮಕ್ಕಳಿಗೆ ಪಾಠ ಹೇಳುವ ನನ್ನಂಥವರಿಗೂ, ಮಕ್ಕಳನ್ನು ಶಾಲೆಗೆ ಕಳುಹಿಸುವ ನಿಮ್ಮಂಥವರಿಗೂ ಈ ಕಥೆಯಲ್ಲಿ ವಿಚಾರಮಾಡತಕ್ಕ ಸಂಗತಿಯೊಂದು ಇದೆ ಎಂದು ನನ್ನ ಎಣಿಕೆ.

ಟೆಲಿವಿಷನ್ನಿನ ಈ ಆಟಕ್ಕೆ ತವರುಮನೆ ರೇಡಿಯೋ. ಆ ದೇಶದಲ್ಲಿ ೧೯೩೬ರಲ್ಲೇ ‘ಪ್ರೊಫೆಸರ್ ಕ್ವಿಜ್’ ಎಂಬ ಕಾರ್ಯಕ್ರಮ ರೇಡಿಯೋದಲ್ಲಿ ಕೇಳಿಬರುತ್ತಿತ್ತು. ೧೯೩೮ರಲ್ಲಿ ‘ಇನ್ಫರ್ಮೇಷನ್ ಪ್ಲೀಸ್’ ಪ್ರಾರಂಭವಾಯಿತು. ಇದರ ಏರ್ಪಾಟು ಬಹಳ ಚೆನ್ನಾಗಿತ್ತು. ಅಲ್ಲಿ ಪರೀಕ್ಷೆಗೆ ಕೂರುತ್ತಿದ್ದವರು ಸಾಮಾನ್ಯ ಜನರಲ್ಲ, ಪಂಡಿತರು. ಪ್ರಶ್ನೆ ಕಳುಹಿಸುತ್ತಿದ್ದವರು ಮನೆಯಲ್ಲಿ ಕುಳಿತ ಶ್ರೋತೃಗಳು. ಪಂಡಿತರು ತಬ್ಬಿಬ್ಬಾದರೆ ಪ್ರಶ್ನೆ ಕಳುಹಿಸಿದವನಿಗೆ ಬಹುಮಾನ! ದೊಡ್ಡ ವಿದ್ವಾಂಸನೊಬ್ಬ “ಇದು ನನಗೆ ಗೊತ್ತಿಲ್ಲವಲ್ಲ!” ಎಂದು ನಗುತ್ತ ಒಪ್ಪಿಕೊಳ್ಳುವುದನ್ನು ಕೇಳುವುದೇ ಅಲ್ಲಿಯ ಸ್ವಾರಸ್ಯ. ಅಜ್ಞಾನವನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇರಲಿಲ್ಲ, ವಿನೋದವಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

೧೯೪೦ರಲ್ಲಿ ಇನ್ನೊಂದು ರೇಡಿಯೋ ಕಾರ್ಯಕ್ರಮ ಬಂದಿತು. ಅದರಲ್ಲಿ ಮೊದಲ ಪ್ರಶ್ನೆಗೆ ಒಂದು ಡಾಲರು, ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ ಇಮ್ಮಡಿಯಾಗುತ್ತ ಕೊನೆಯ ಪ್ರಶ್ನೆಗೆ ೬೪ ಡಾಲರು. ‘ಅರುವತ್ತನಾಲ್ಕು ಡಾಲರಿನ ಪ್ರಶ್ನೆ’ ಎಂಬ ಮಾತು, ಬಿಡಿಸಲಾಗದ ಯಾವುದೇ ಕಗ್ಗಂಟಿಗೆ ಹೆಸರಾಗಿ, ಇಂಗ್ಲಿಷ್ ಭಾಷೆಯಲ್ಲಿ ಗಾದೆಯಂತೆ ನಿಂತುಬಿಟ್ಟಿತು. ಇಂತಹ ಬಹುಮಾನಗಳು ಲಾಟರಿಯಾಗುವುದಿಲ್ಲವೆಂದು ೧೯೫೪ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬಾಗಿಲು ತೆರೆದಂತಾಯಿತು. ೧೯೫೫ರ ಜೂನ್ ೭ರಂದು ಸಿ.ಬಿ.ಎಸ್. ಸಂಸ್ಥೆ ಟೆಲಿವಿಷನ್ನಿನಲ್ಲಿ ಅದೇ ಪ್ರಶ್ನೆಯ ಬೆಲೆಯನ್ನು ಸಾವಿರ ಪಟ್ಟು ಏರಿಸಿ ೬೪,೦೦೦ ಡಾಲರ್ ಮಾಡಿತು. ಪ್ರಶ್ನೆಪತ್ರಿಕೆಗಳನ್ನು ಬ್ಯಾಂಕಿನ ತಿಜೋರಿಯಲ್ಲಿಟ್ಟು, ಬ್ಯಾಂಕಿನ ಅಧಿಕಾರಿಯೊಬ್ಬರು ಪಹರೆಯೊಡನೆ ಅವನ್ನು ವೇದಿಕೆಗೆ ತರುವುದನ್ನು ಜನ ಮನೆಮನೆಯಲ್ಲಿ ಕುಳಿತು ನೋಡಿದರು. ಕಾರ್ಯಕ್ರಮದ ಖರ್ಚು ಕೊಡುತ್ತಿದ್ದ ಸೌಂದರ್ಯಸಾಧನಗಳ ಕಂಪೆನಿಯ ಮಾರಾಟ ಭರದಿಂದ ಏರಿತು. ಇದನ್ನು ಕಂಡ ಮಿಕ್ಕ ಕಂಪೆನಿಗಳು ಸುಮ್ಮನಿದ್ದಾವೆಯೆ? ‘ಇಪ್ಪತ್ತೊಂದು’ ಹುಟ್ಟಿದ್ದು ಈ ಪೈಪೋಟಿಯಲ್ಲಿ. ಅದರ ಖರ್ಚು ವಹಿಸಿದವರು ‘ಜೆರಿಟಾಲ್’ ಎಂಬ ಟಾನಿಕ್ಕಿನ ತಯಾರಕರು. ನಿರ್ಮಾಪಕರು ಡ್ಯಾನ್ ಎನ್‌ರೈಟ್. ಪ್ರಶ್ನೆ ಕೇಳುತ್ತಿದ್ದವರು ಜ್ಯಾಕ್ ಬ್ಯಾರಿ.

ಆಟದ ಕ್ರಮವನ್ನು ತಿಳಿಯದೆ ಮೋಸದ ಕ್ರಮ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ಮೊದಲು ಹೇಳುತ್ತೇನೆ. ವೇದಿಕೆಯ ಮೇಲೆ ಎರಡು ಗಾಜಿನ ಗೂಡುಗಳು. ಒಂದೊಂದರಲ್ಲಿ ಒಬ್ಬೊಬ್ಬ ಸ್ಪರ್ಧಿ, ಕಿವಿಗೆ ಶ್ರವಣಯಂತ್ರ ಹಾಕಿಕೊಂಡು ನಿಲ್ಲಬೇಕು. ಒಬ್ಬನಿಗೆ ಪ್ರಶ್ನೆ ಕೇಳುವಾಗ ಇನ್ನೊಬ್ಬನಿಗೆ ಅದು ಕೇಳಿಸುವುದಿಲ್ಲ. ಎದುರಾಳಿಯ ಅಂಕ ಎಷ್ಟೆಂಬುದೂ ತಿಳಿಯುವುದಿಲ್ಲ. ಪ್ರತಿಯೊಂದು ಸುತ್ತಿಗೂ ಒಂದು ವಿಷಯ ಗೊತ್ತಾಗಿರುತ್ತದೆ. ಆ ವಿಷಯದಲ್ಲಿ ೧ರಿಂದ ೧೧ರ ವರೆಗೆ ಎಷ್ಟು ಅಂಕದ ಪ್ರಶ್ನೆ ಬೇಕೆಂದು ಸ್ಪರ್ಧಿಯೇ ಆರಿಸಿಕೊಳ್ಳಬೇಕು. ಅಂಕ ಹೆಚ್ಚಿದಷ್ಟೂ ಪ್ರಶ್ನೆ ಕಠಿಣ. ಉತ್ತರ ಸರಿಯಾದರೆ ಅಷ್ಟು ಅಂಕ ಬರುತ್ತದೆ. ತಪ್ಪಿದರೆ ಅಷ್ಟೇ ಅಂಕ ಹೋಗುತ್ತದೆ. ಮೊದಲು ೨೧ ಮುಟ್ಟಿದವನು ಗೆದ್ದ. ಧೈರ್ಯಶಾಲಿಯೊಬ್ಬ ೧೦ ಮತ್ತು ೧೧ ಅಂಕದ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿ ಎರಡೇ ಸುತ್ತಿನಲ್ಲಿ ಮುಗಿಸಬಹುದು. ಗೆದ್ದವನಿಗೂ ಸೋತವನಿಗೂ ಇರುವ ಅಂತರದ ಒಂದೊಂದು ಅಂಕಕ್ಕೆ ೫೦೦ ಡಾಲರು. ಆಟ ಸರಿಸಮವಾದರೆ ಮುಂದಿನ ಆಟಕ್ಕೆ ಅಂಕವೊಂದರ ಬೆಲೆ ೧,೦೦೦, ಮತ್ತೆ ಸಮವಾದರೆ ೧,೫೦೦, ಹೀಗೆ ಏರುತ್ತಿತ್ತು. ಎಂದಮೇಲೆ, ಸರಿಸಮವಾದ ಆಟಗಳು ಮೇಲಿಂದಮೇಲೆ ಬಂದಷ್ಟೂ ಜನರ ಕುತೂಹಲ ಕೆರಳುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ಮೊದಲ ಪ್ರಸಾರ ಸತ್ಯವಾಗಿಯೇ ನಡೆಯಿತು. ಫಲವೇನು? ಇಬ್ಬರು ಸ್ಪರ್ಧಿಗಳೂ ಒಂದರ ಮೇಲೊಂದು ಪ್ರಶ್ನೆಗೆ ತಪ್ಪುತ್ತ ಹೋದರು. ಅಂಕ ಏರುವುದಕ್ಕೆ ಬದಲು ಇಳಿಯತೊಡಗಿತು. ನೋಡುವವರಿಗೆ ಬೇಸರವಾಯಿತು. ಮರುದಿನ ಬೆಳಿಗ್ಗೆ ಟಾನಿಕ್ಕಿನ ಕಂಪೆನಿಯವರು ನಿರ್ಮಾಪಕರ ಮೇಲೆ ಹರಿಹಾಯ್ದರು. ಇಂತಹ ಸಂಜೆ ಇನ್ನೊಮ್ಮೆ ಬರಕೂಡದೆಂದರು. ಎನ್‌ರೈಟ್ ಅವರು ಅಂದಿನಿಂದಲೇ ಮೋಸದ ದಾರಿ ಹಿಡಿದರು. ಯೋಚಿಸಿ ನೋಡಿದರೆ, ಆ ಮೊದಲ ದಿನದ ಅಪರಾಧವಾದರೂ ಏನು? ಇಬ್ಬರು ಮನುಷ್ಯರು ತಮಗೆ ತಿಳಿಯದ್ದನ್ನು ತಿಳಿಯದೆಂದು ತೋರಿಸಿಕೊಂಡರು, ಅಷ್ಟೆ. ರೇಡಿಯೋ ಪಂಡಿತರ ಬಾಯಲ್ಲಿ ನಗುವಾಗಿದ್ದ ‘ಗೊತ್ತಿಲ್ಲ’ ಎಂಬ ಮಾತು, ಇಲ್ಲಿ ಸರಕು ಮಾರುವವರಿಗೆ ನಷ್ಟವಾಗಿ ಕಂಡಿತು.

ಹರ್ಬರ್ಟ್ ಸ್ಟೆಂಪೆಲ್ ಎಂಬವರು ಸೈನ್ಯದಲ್ಲಿದ್ದು ಬಂದು, ಸರ್ಕಾರದ ನೆರವಿನಿಂದ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಓದುತ್ತಿದ್ದ ಬಡ ಗೃಹಸ್ಥ. ಅಪಾರವಾದ ಜ್ಞಾಪಕಶಕ್ತಿ ಅವರದು. ತಮ್ಮನ್ನು ಸ್ಪರ್ಧೆಗೆ ಕರೆಯಬೇಕೆಂದು ಅವರೇ ಪತ್ರ ಬರೆದರು. ಪ್ರವೇಶಪರೀಕ್ಷೆಯ ನೂರಾರು ಪ್ರಶ್ನೆಗಳಲ್ಲಿ ಬಹುಪಾಲಿಗೆ ಸರಿಯುತ್ತರ ಕೊಟ್ಟರು. ಒಂದು ದಿನ ಎನ್‌ರೈಟ್ ಅವರು ಇವರ ಮನೆಗೇ ಬಂದು, ಪ್ರಸಾರದಲ್ಲಿ ಕೇಳಲಿರುವ ಪ್ರಶ್ನೆಗಳನ್ನು ಮುಂದಿಟ್ಟರು. ಅಲ್ಲಿಂದ ಮುಂದೆ ಸ್ಟೆಂಪೆಲ್ ಸ್ಪರ್ಧಿಯಲ್ಲ, ಪಾತ್ರಧಾರಿ. ಬಡತನ ಎದ್ದುಕಾಣಲೆಂದು ಕೂದಲನ್ನು ಮೋಟಾಗಿ ಕತ್ತರಿಸಿಕೊಳ್ಳಬೇಕು. ಕೊರಳಪಟ್ಟಿ ಸವೆದ ಅಂಗಿ ತೊಡಬೇಕು. ಟಿಕ್‌ಟಿಕ್ ಎಂದು ಜೋರಾಗಿ ಸದ್ದುಮಾಡುವ ಅಗ್ಗದ ಕೈಗಡಿಯಾರ ಕಟ್ಟಬೇಕು. ಬೆವರನ್ನು ಹೇಗೆ ಒರಸಬೇಕೆಂಬುದಕ್ಕೂ ಪಾಠವುಂಟು: ಉಜ್ಜಬಾರದು, ಮುಖದ ಬಣ್ಣ ಕೆಟ್ಟೀತು, ಮೆಲ್ಲಗೆ ಒತ್ತಿಕೊಳ್ಳಬೇಕು! ಸ್ಟೆಂಪೆಲ್ ಮುಂದೆ ಹೇಳಿರುವಂತೆ, ಬೆವರು ಬರಲೆಂದೇ ಗಾಜಿನ ಗೂಡಿನ ತಂಪುಗಾಳಿಯನ್ನು ನಿಲ್ಲಿಸುತ್ತಿದ್ದರಂತೆ. ಬಯಲಾಟದ ಭಾಗವತರೂ ತಮ್ಮ ವೇಷಧಾರಿಗೆ ಇಷ್ಟು ಸೂಕ್ಷ್ಮವಾಗಿ ಕಲಿಸಲಾರರು. ಆದರೆ ಬಯಲಾಟಕ್ಕೆ ಹೋದವನಿಗೆ ತಾನು ನೋಡುತ್ತಿರುವುದು ವೇಷವೆಂದು ತಿಳಿದಿರುತ್ತದೆ, ಅದೇ ವ್ಯತ್ಯಾಸ.

ಆರು ವಾರ ಕಳೆಯುವಷ್ಟರಲ್ಲಿ ಜನಕ್ಕೆ ಸ್ಟೆಂಪೆಲ್ ಸಾಕಾದರು ಎಂದು ನಿರ್ಮಾಪಕರಿಗೆ ತೋರಿತು. ಹೊಸ ನಾಯಕನೊಬ್ಬ ಬೇಕಾಗಿದ್ದ. ಸಿಕ್ಕಿದವರು ಚಾರ್ಲ್ಸ್ ವ್ಯಾನ್ ಡೋರೆನ್. ಮೂವತ್ತು ವಯಸ್ಸಿನ ಸುಂದರ ಯುವಕ; ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಉಪಾಧ್ಯಾಯ. ತಂದೆ ಮಾರ್ಕ್ ವ್ಯಾನ್ ಡೋರೆನ್ ಹೆಸರಾಂತ ಕವಿ, ದೊಡ್ಡಪ್ಪ ಕಾರ್ಲ್ ವ್ಯಾನ್ ಡೋರೆನ್ ಹೆಸರಾಂತ ಚರಿತ್ರಕಾರ. ಇಬ್ಬರಿಗೂ ಪುಲಿಟ್ಜರ್ ಪಾರಿತೋಷಕ ಬಂದಿತ್ತು. ವಿದ್ಯೆ ಮನೆತನದ ಸೊತ್ತೆನ್ನಬೇಕು.

೧೯೫೬ರ ಡಿಸೆಂಬರ್ ೫ರಂದು ಸ್ಟೆಂಪೆಲ್ ಸೋಲಬೇಕೆಂದು ಅಪ್ಪಣೆಯಾಯಿತು. ಅಂದು ಅವರಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು ಇದು: ೧೯೫೫ರ ಅತ್ಯುತ್ತಮ ಚಿತ್ರವೆಂದು ಅಕಾಡೆಮಿ ಬಹುಮಾನ ಪಡೆದ ಚಲನಚಿತ್ರ ಯಾವುದು? ಉತ್ತರ ‘ಮಾರ್ಟಿ’. ಸ್ಟೆಂಪೆಲ್ ಆ ಚಿತ್ರವನ್ನು ಮೂರು ಸಲ ನೋಡಿದ್ದರು. ಅವರಿಗೆ ಬಲು ಪ್ರಿಯವಾದ ಚಿತ್ರ ಅದು. ಆದರೆ ಅಪ್ಪಣೆಯಂತೆ, ಹಿಂದಿನ ವರ್ಷ ಬಹುಮಾನ ಪಡೆದಿದ್ದ ‘ಆನ್ ದಿ ವಾಟರ್‌ಫ್ರಂಟ್’ ಎಂದು ತಪ್ಪಾಗಿ ಹೇಳಿದರು. ಆ ಸಂಜೆ ಸೋತು ಕೆಳಗಿಳಿದರು. ವಿದ್ಯಾವಂತನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆಯುಂಟೆ? ತಿಳಿದದ್ದನ್ನು ತಿಳಿಯದವನಂತೆ ನಟಿಸಿ, ಕೋಟ್ಯಂತರ ಜನರೆದುರು ದಡ್ಡನೆನಿಸಿಕೊಳ್ಳಬೇಕು! ಇತ್ತ ಗೆದ್ದವರದಾದರೂ ಏನು? ತಿಳಿಯದ್ದನ್ನು ತಿಳಿದವರಂತೆ, ಕಣ್ಣುಮುಚ್ಚಿ, ತುಟಿ ಕಚ್ಚಿ, ನೆನಪಿನ ಆಳದಿಂದ ಎಳೆದು ತೆಗೆಯುತ್ತಿರುವವರಂತೆ ನಟಿಸಬೇಕು. ಎದುರುಬದುರಾದ ಆ ಎರಡು ಗಾಜಿನ ಗೂಡುಗಳಲ್ಲಿ ಒಂದರೊಳಗೆ ಸುಳ್ಳು ಅಜ್ಞಾನ, ಇನ್ನೊಂದರೊಳಗೆ ಸುಳ್ಳು ಜ್ಞಾನ.

ವ್ಯಾನ್ ಡೋರೆನ್ ಅವರನ್ನು ಒಪ್ಪಿಸಿದ ಬಗೆಯನ್ನು ಅವರೇ ಮುಂದೆ ಸಾಕ್ಷ್ಯದಲ್ಲಿ ಹೇಳಿದ್ದಾರೆ. ಹಣದಾಸೆಯನ್ನು ಮಾತ್ರ ತೋರಿಸಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ. ಆಲ್ಬರ್ಟ್ ಫ್ರೀಡ್‌ಮನ್ ಎಂಬ ನಿರ್ಮಾಪಕರು ಅವರಿಗೆ ಬೇರೊಂದು ಮಾತು ಹೇಳಿದರು. ಇದೆಲ್ಲ ಮನರಂಜನೆಯ ಕಸುಬಿನಲ್ಲಿ ಇದ್ದದ್ದೇ; ಅಲ್ಲದೆ ನಿಮ್ಮಂಥವರು ಗೆದ್ದರೆ ಉಪಾಧ್ಯಾಯ ವೃತ್ತಿಗೂ ವಿದ್ಯೆಗೂ ದೇಶದಲ್ಲಿ ಗೌರವ ಹೆಚ್ಚುತ್ತದೆ ಎಂದರು. ನೋಡಿ, ಮೋಸ ಎಂತಹ ಒಳ್ಳೆಯ ಬಟ್ಟೆ ಉಟ್ಟು ಬರುತ್ತದೆ! ಮೇಲಾಗಿ ಆ ಮಾತು ಒಂದು ರೀತಿಯಲ್ಲಿ ನಿಜವೂ ಆಯಿತು. ವ್ಯಾನ್ ಡೋರೆನ್ ಗೆಲ್ಲುತ್ತ ಹೋದಂತೆ ತಂದೆತಾಯಿಗಳಿಂದ, ಉಪಾಧ್ಯಾಯರಿಂದ, ಮಕ್ಕಳಿಂದ ಸಾವಿರಾರು ಪತ್ರಗಳು ಬಂದವು. ೧೯೫೭ರ ಫೆಬ್ರವರಿ ೧೧ರ ‘ಟೈಮ್’ ಪತ್ರಿಕೆ ಅವರ ಚಿತ್ರವನ್ನು ಮುಖಪುಟದ ಮೇಲೆ ಹಾಕಿತು. ೧೯೫೭ರ ಮಾರ್ಚ್ ೧೧ರಂದು, ಬೆಲ್ಜಿಯಮ್ ದೇಶದ ಅರಸ ಯಾರೆಂಬ ಪ್ರಶ್ನೆಗೆ ತಪ್ಪಿ ವಿವಿಯನ್ ನಿಯರಿಂಗ್ ಎಂಬ ವಕೀಲೆಗೆ ಅವರು ಸೋಲುವ ಹೊತ್ತಿಗೆ, ಗಳಿಸಿದ್ದು ೧,೨೯,೦೦೦ ಡಾಲರು. ಉಪಾಧ್ಯಾಯನಾಗಿ ಪಡೆಯುತ್ತಿದ್ದ ವರ್ಷದ ಸಂಬಳದ ಹತ್ತಾರು ಪಟ್ಟು. ಆ ಸೋಲೂ ಏರ್ಪಾಟಿನದೇ. ಅನಂತರ ಎನ್.ಬಿ.ಸಿ.ಯವರು ಅವರಿಗೆ ‘ಟುಡೇ’ ಎಂಬ ಬೆಳಗಿನ ಕಾರ್ಯಕ್ರಮದಲ್ಲಿ ಕೆಲಸ ಕೊಟ್ಟರು.

ಒಂದು ಸಣ್ಣ ಸಂಗತಿ ನನ್ನ ಮನಸ್ಸಿಗೆ ಬಹಳವಾಗಿ ತಾಗಿತು. ಪ್ರಶ್ನೆಗಳನ್ನು ಮೊದಲೇ ಕೊಡುತ್ತಿದ್ದಾಗಲೂ ವ್ಯಾನ್ ಡೋರೆನ್ ಅವರು, ಸಾಧ್ಯವಾದಾಗಲೆಲ್ಲ, ಉತ್ತರವನ್ನು ತಾವೇ ಪುಸ್ತಕಗಳಲ್ಲಿ ಹುಡುಕಿ ಕಲಿಯುತ್ತಿದ್ದರಂತೆ. ಅದು ತಮ್ಮ ಒಂದು ಹುಚ್ಚು ಅಭಿಮಾನವೆಂದು ಅವರೇ ಹೇಳಿಕೊಂಡಿದ್ದಾರೆ. ಕಳ್ಳತನದ ನಡುವೆಯೂ ಅವರೊಳಗಿನ ಉಪಾಧ್ಯಾಯ ಪೂರ್ತಿಯಾಗಿ ಸತ್ತಿರಲಿಲ್ಲವೆಂದು ಕಾಣುತ್ತದೆ.

ಗುಟ್ಟು ಎಷ್ಟು ದಿನ ನಿಂತೀತು? ಸ್ಟೆಂಪೆಲ್ ಅವರು ೧೯೫೭ರಲ್ಲೇ ಪತ್ರಿಕೆಗಳವರಿಗೆ ನಡೆದದ್ದನ್ನು ಹೇಳಿದರು. ಆದರೆ ಬೇರೆ ಸಾಕ್ಷಿ ಇಲ್ಲದ್ದರಿಂದ, ಮಾನನಷ್ಟದ ಮೊಕದ್ದಮೆಗೆ ಹೆದರಿ, ಯಾರೂ ಅಚ್ಚುಮಾಡಲಿಲ್ಲ. ಸೋತವನ ಹೊಟ್ಟೆಯುರಿ ಎಂದುಕೊಂಡವರೇ ಹೆಚ್ಚು. ೧೯೫೮ರಲ್ಲಿ ‘ಡಾಟೋ’ ಎಂಬ ಮತ್ತೊಂದು ಸ್ಪರ್ಧೆಯಲ್ಲಿ, ಸರದಿಗಾಗಿ ಕಾಯುತ್ತಿದ್ದವರೊಬ್ಬರಿಗೆ ಇನ್ನೊಬ್ಬ ಸ್ಪರ್ಧಿಯ ಟಿಪ್ಪಣಿ ಪುಸ್ತಕ ಸಿಕ್ಕಿತು. ತೆರೆದು ನೋಡಿದರೆ ಆ ದಿನದ ಉತ್ತರಗಳು! ಆಗಸ್ಟಿನಲ್ಲಿ ಆ ಕಾರ್ಯಕ್ರಮ ನಿಂತಿತು. ಸ್ಟೆಂಪೆಲ್ ಮಾತಿಗೂ ಬೆಲೆ ಬಂದಿತು. ‘ಇಪ್ಪತ್ತೊಂದು’ ಅಕ್ಟೋಬರಿನಲ್ಲಿ ಕೊನೆಗೊಂಡಿತು.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ಕೊಟ್ಟವರು ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಚಿತ್ರಕಾರರು. ೧೯೫೭ರ ಮೇ ತಿಂಗಳಲ್ಲಿ ಸ್ಪರ್ಧಿಯಾಗಿದ್ದಾಗ, ಮುಂದಿನ ಪ್ರಸಾರದಲ್ಲಿ ಬರಲಿರುವ ಪ್ರಶ್ನೆಗಳನ್ನೂ ಉತ್ತರಗಳನ್ನೂ ಬರೆದು, ಲಕೋಟೆಗೆ ಹಾಕಿ, ತಮ್ಮ ವಿಳಾಸಕ್ಕೆ ತಾವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಂಡರು. ಬಂದ ಲಕೋಟೆಯನ್ನು ಒಡೆಯದೆ ಇಟ್ಟರು. ಎರಡು ವರ್ಷದ ಮೇಲೆ, ೧೯೫೯ರಲ್ಲಿ, ಅಮೆರಿಕದ ಶಾಸನಸಭೆಯ ವಿಚಾರಣಾ ಸಮಿತಿಯೆದುರು ಅದನ್ನು ಒಡೆದಾಗ, ಅಂಚೆಯ ಮುದ್ರೆ ಪ್ರಸಾರಕ್ಕೆ ಮುಂಚಿನದು, ಒಳಗಿನ ಉತ್ತರಗಳು ಪ್ರಸಾರದವು! ಇದೇ ಸ್ನಾಡ್‌ಗ್ರಾಸ್ ಅವರಿಗೆ ಒಮ್ಮೆ, ಎಮಿಲಿ ಡಿಕಿನ್‌ಸನ್ ಬರೆದ ಕವಿತೆಯೊಂದನ್ನು ಎಮರ್ಸನ್ನನದೆಂದು ತಪ್ಪಾಗಿ ಹೇಳಬೇಕೆಂದು ಅಪ್ಪಣೆಯಾಗಿತ್ತು. ಗೂಡಿನೊಳಗೆ ನಿಂತಮೇಲೆ ಅವರು ಸರಿಯುತ್ತರವನ್ನೇ ಹೇಳಿಬಿಟ್ಟರು. ಹಿಂದೆ ಕೊಟ್ಟ ಉತ್ತರಗಳನ್ನು ಒಪ್ಪಿಕೊಂಡಿದ್ದವರಿಗೂ, ತಿಳಿದ ಒಂದು ಹೆಸರನ್ನು ನುಂಗಿಕೊಳ್ಳುವುದು ಸಾಧ್ಯವಾಗಲಿಲ್ಲ.

ಅದಕ್ಕೆ ಮುಂಚೆ ನ್ಯೂಯಾರ್ಕಿನ ಗ್ರಾಂಡ್ ಜೂರಿಯೂ ತಿಂಗಳುಗಟ್ಟಲೆ ವಿಚಾರಣೆ ನಡೆಸಿತ್ತು. ಅಲ್ಲಿ ಪ್ರಮಾಣಮಾಡಿಯೂ ಸುಳ್ಳು ಹೇಳಿದವರು ಬಹಳ ಮಂದಿ. ವ್ಯಾನ್ ಡೋರೆನ್ ಅವರೂ ಅದರಲ್ಲಿ ಒಬ್ಬರು. ಕೊನೆಗೆ ೧೯೫೯ರ ನವೆಂಬರ್ ೨ರಂದು ವಿಚಾರಣಾ ಸಮಿತಿಯೆದುರು ಅವರು ಎಲ್ಲವನ್ನೂ ಒಪ್ಪಿಕೊಂಡರು. ಕೊಲಂಬಿಯಾದ ಕೆಲಸ ಹೋಯಿತು, ಎನ್.ಬಿ.ಸಿ. ಕೆಲಸವೂ ಹೋಯಿತು. ೧೯೬೨ರಲ್ಲಿ, ಸುಳ್ಳು ಪ್ರಮಾಣದ ತಪ್ಪನ್ನು ಅವರೂ ಇನ್ನು ಕೆಲವರು ಸ್ಪರ್ಧಿಗಳೂ ನ್ಯಾಯಾಲಯದಲ್ಲಿ ಒಪ್ಪಿಕೊಂಡಾಗ, ಶಿಕ್ಷೆಯನ್ನು ವಿಧಿಸಿ ಜಾರಿಮಾಡದೆ ಬಿಟ್ಟರು.

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳಬಹುದು: ಸುಳ್ಳು ಪ್ರಮಾಣಕ್ಕೆ ಶಿಕ್ಷೆಯಾಯಿತು ಸರಿ, ಮೂಲದ ಮೋಸಕ್ಕೆ ಶಿಕ್ಷೆ ಏಕಾಗಲಿಲ್ಲ? ಸಮಾಧಾನವೇನೆಂದರೆ, ಪ್ರಶ್ನೋತ್ತರ ಸ್ಪರ್ಧೆಯಲ್ಲಿ ಉತ್ತರವನ್ನು ಮೊದಲೇ ತಿಳಿಸುವುದು ಅಪರಾಧವೆಂದು ಹೇಳುವ ಕಾನೂನೇ ಆಗ ಇರಲಿಲ್ಲ. ಯಾರೂ ಅದನ್ನು ಬರೆದಿಡಬೇಕಾದೀತೆಂದು ಎಣಿಸಿರಲಿಲ್ಲ! ೧೯೬೦ರ ಸೆಪ್ಟೆಂಬರಿನಲ್ಲಿ ಪ್ರಸಾರದ ಕಾನೂನಿಗೆ ತಿದ್ದುಪಡಿ ಮಾಡಿ, ವಿದ್ಯೆಯನ್ನೋ ಕೌಶಲವನ್ನೋ ಅಳೆಯುವ ಸ್ಪರ್ಧೆಯಲ್ಲಿ ಹೀಗೆ ಪ್ರೇಕ್ಷಕರನ್ನು ವಂಚಿಸುವುದು ಅಪರಾಧವೆಂದು ಸಾರಿದರು. ಕಾರ್ಯಕ್ರಮದ ಒಡೆತನವನ್ನು ಒಬ್ಬನೇ ಜಾಹಿರಾತುದಾರನ ಕೈಗೆ ಕೊಡುವ ಪದ್ಧತಿಯೂ ಕ್ರಮೇಣ ಕುಗ್ಗಿ, ಪ್ರಸಾರ ಸಂಸ್ಥೆಗಳೇ ಕಾರ್ಯಕ್ರಮಗಳ ಹೊಣೆ ಹೊತ್ತವು.

ಪಾತ್ರಧಾರಿಗಳು ಮುಂದೆ ಏನಾದರು? ಬ್ಯಾರಿ ಮತ್ತು ಎನ್‌ರೈಟ್ ಅವರಿಗೆ ಹಲವು ವರ್ಷ ದೊಡ್ಡ ಪ್ರಸಾರಗಳ ಬಾಗಿಲು ಮುಚ್ಚಿತ್ತು. ಆಮೇಲೆ ಇಬ್ಬರೂ ಹಿಂದಿರುಗಿ ಬಂದರು. ಸ್ಟೆಂಪೆಲ್ ಅವರು ಕೆಲಕಾಲ ನ್ಯೂಯಾರ್ಕಿನಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳಿದರು. ವ್ಯಾನ್ ಡೋರೆನ್ ಅವರು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಸ್ಥೆಯಲ್ಲಿ ಸಂಪಾದಕರಾಗಿ, ಪುಸ್ತಕಗಳನ್ನು ಬರೆದು, ಬಹುಕಾಲ ಈ ವಿಷಯವಾಗಿ ಬಾಯಿ ತೆರೆಯದೆ ಬಾಳಿದರು. ೨೦೦೮ರಲ್ಲಿ ಮಾತ್ರ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ೨೦೧೯ರ ಏಪ್ರಿಲಿನಲ್ಲಿ ಅವರೂ, ೨೦೨೦ರ ಏಪ್ರಿಲಿನಲ್ಲಿ ಸ್ಟೆಂಪೆಲ್ ಅವರೂ ತೀರಿಕೊಂಡರು. ಇಬ್ಬರಿಗೂ ಆಗ ೯೩ ವಯಸ್ಸು.

ಈ ಕಥೆಯಿಂದ ತಿಳಿಯತಕ್ಕದ್ದೇನು? ‘ಆಸೆಗೆ ಕೊನೆಯಿಲ್ಲ, ಮೋಸಕ್ಕೆ ನೆಲೆಯಿಲ್ಲ’ ಎಂದಿಷ್ಟೇ ಹೇಳಿ ಮುಗಿಸಬಹುದು. ಆದರೆ ನನಗೆ ಕಾಣುವುದು ಬೇರೆ. ಆ ಕಾರ್ಯಕ್ರಮ ಕೆಟ್ಟದ್ದು ದುಡ್ಡು ಬಂದ ದಿನವಲ್ಲ, ‘ಗೊತ್ತಿಲ್ಲ’ ಎಂಬ ಮಾತು ನಾಚಿಕೆಯದಾದ ದಿನ. ಆ ಮಾತಿಗೆ ಎಡೆಯಿಲ್ಲದ ಕಡೆ ‘ಗೊತ್ತು’ ಎಂಬ ಮಾತಿಗೂ ಬೆಲೆಯಿರುವುದಿಲ್ಲ. ತಕ್ಕಡಿಯ ಒಂದು ತಟ್ಟೆಯನ್ನು ಕಟ್ಟಿಹಾಕಿದರೆ ಇನ್ನೊಂದು ತಟ್ಟೆ ತೂಗುವುದುಂಟೆ?

ಈ ಮಾತು ಟೆಲಿವಿಷನ್ನಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ತರಗತಿಗಳನ್ನೇ ನೋಡಿ. ಪರೀಕ್ಷಾಧಿಕಾರಿಗಳು ಬರುವ ದಿನ, ಕೇಳುವ ಪ್ರಶ್ನೆಯನ್ನು ಮುಂಚಿತವಾಗಿ ಹೇಳಿಕೊಟ್ಟು, ಜಾಣ ಹುಡುಗನಿಂದ ಉತ್ತರ ಹೇಳಿಸುವ ರೂಢಿ ಎಲ್ಲಿಯೂ ಇಲ್ಲವೆಂದು ಎದೆತಟ್ಟಿ ಹೇಳಬಲ್ಲವರುಂಟೆ? ಶಾಲೆಯ ಗೌರವಕ್ಕಾಗಿ ಎಂಬ ಸಮಾಧಾನ ಅಲ್ಲಿಯೂ ಸಿದ್ಧವಾಗಿರುತ್ತದೆ. ಮನೆಗೆ ಬಂದ ನೆಂಟರೆದುರು ಮಗುವಿನಿಂದ ರಾಜಧಾನಿಗಳ ಹೆಸರನ್ನು ಒಪ್ಪಿಸುವಾಗ, ಒಂದು ಹೆಸರು ಮರೆತಿತೆಂದು ಮಗುವನ್ನು ದುರುಗುಟ್ಟಿ ನೋಡುವ ತಂದೆತಾಯಿಗಳೂ, ತಿಳಿಯದೆಯೆ, ಒಂದು ಪುಟ್ಟ ಗಾಜಿನ ಗೂಡನ್ನು ಕಟ್ಟುತ್ತಿರುತ್ತಾರೆ.

ಇದಕ್ಕೆ ಬೇರೆ ದಾರಿಯೂ ಉಂಟು. ೨೦೦೨ರಲ್ಲಿ ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ‘ಥಟ್ ಅಂತ ಹೇಳಿ’ ಎಂಬ ರಸಪ್ರಶ್ನೆಯನ್ನು ಪ್ರಾರಂಭಿಸಿದರು. ಅಲ್ಲಿ ಬಹುಮಾನ ಕನ್ನಡ ಪುಸ್ತಕಗಳು. ಸಾವಿರಾರು ಕಂತುಗಳನ್ನು ಕನ್ನಡಿಗರು ಪ್ರೀತಿಯಿಂದ ನೋಡಿದ್ದಾರೆ. ತಪ್ಪು ಹೇಳಿದವರಿಗೂ ಅಲ್ಲಿ ಸರಿಯುತ್ತರದ ವಿವರಣೆ ದೊರೆಯುತ್ತದೆ. ಮನೆಯಲ್ಲಿ ಕುಳಿತವರಿಗೂ ಅದೇ ಲಾಭ. ತಪ್ಪಿನಿಂದಲೇ ಪಾಠ ಮೊದಲಾಗುವ ಇಂತಹ ಕಡೆ ಬೆವರು ಒತ್ತಿಕೊಳ್ಳುವ ನಟನೆಗೆ ಕೆಲಸವಿಲ್ಲ.

ಇಂದು ಸಂಜೆ ರೇಡಿಯೋದಲ್ಲೋ ಟೆಲಿವಿಷನ್ನಿನಲ್ಲೋ ರಸಪ್ರಶ್ನೆಯೊಂದು ಬಂದರೆ ಮನೆಮಂದಿಯೆಲ್ಲ ಸೇರಿ ಕೇಳಿರಿ. ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಹಿರಿಯರೇ ಮೊದಲು “ನನಗೆ ಗೊತ್ತಿಲ್ಲ, ಹುಡುಕೋಣ” ಎನ್ನಲಿ. ಆಮೇಲೆ ಮಕ್ಕಳೊಡನೆ ಕೂತು ಪುಸ್ತಕ ತೆಗೆದು ನೋಡಲಿ. ಹಾಗೆ ಹುಡುಕಿ ಪಡೆದ ಉತ್ತರವನ್ನು ಮಗು ಮರೆಯುವುದು ಅಪರೂಪ.